ಮೆಕ್ಸಿಕೋದ ಕಲ್ಲಿನ ಪೀಠಗಳು

ಮೇಜು, ಕುರ್ಚಿ, ಮಂಚ, ಪೆಟ್ಟಿಗೆಗಳನ್ನೆಲ್ಲ ಒಟ್ಟಾಗಿ ನಾವು ಕನ್ನಡದಲ್ಲಿ ‘ಪೀಠೋಪಕರಣ’ಗಳೆಂದು ಕರೆಯುತ್ತೇವೆ. ಈ ಶಬ್ದದ ಮೊದಲಿಗೇ ಪೀಠವಿದೆ. ಪೀಠವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಗರ್ಭಗುಡಿಯಲ್ಲಿ ಮೂರ್ತಿಯ ಕೆಳಗಿರುವ ಕಲ್ಲು. ಆದುದರಿಂದ ‘ಕಲ್ಲಿನ ಪೀಠೋಪಕರಣ’ ಎಂಬ ಮಾತು ಕನ್ನಡದ ಕಿವಿಗೆ ಅಷ್ಟೇನೂ ವಿಚಿತ್ರವಾಗಿ ಕೇಳಿಸದು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ಪೀಠೋಪಕರಣಕ್ಕೆ ‘ಮುಎಬ್ಲೆ’ ಎನ್ನುತ್ತಾರೆ. ಚಲಿಸಬಲ್ಲದ್ದು ಎಂದು ಅದರ ಅರ್ಥ. ನಮ್ಮ ನ್ಯಾಯಾಲಯಗಳ ಭಾಷೆಯಲ್ಲಿ ಹೇಳುವುದಾದರೆ ಚರಾಸ್ತಿ. ಕಲ್ಲಿನ ಮನೆ ಸ್ಥಿರಾಸ್ತಿ, ಮರದ ಮೇಜು ಚರಾಸ್ತಿ. ಹೀಗಿದ್ದೂ ಸ್ಪ್ಯಾನಿಷ್ ಮಾತನಾಡುವ ಮೆಕ್ಸಿಕೋ ದೇಶದಲ್ಲಿ ಎಂಟು ಜನ ಸೇರಿದರೂ ಸುಲಭವಾಗಿ ಕದಲದ ಮೇಜುಗಳನ್ನೂ, ಬಳ್ಳಿ ಹೂಗಳನ್ನು ಕೆತ್ತಿದ ಜಗಲಿಪೀಠಗಳನ್ನೂ, ಬೆಂಕಿಗೂಡಿನ ಚೌಕಟ್ಟುಗಳನ್ನೂ, ಅಂಗಳದ ಕಾರಂಜಿಗಳನ್ನೂ ಇಂದಿಗೂ ಕೈಯಿಂದಲೇ ಕಲ್ಲಿನಲ್ಲಿ ಕಡೆಯುತ್ತಾರೆ.

ಇವುಗಳನ್ನು ಕೊಳ್ಳುವವರು ಬಹುಮಟ್ಟಿಗೆ ಸಿರಿವಂತರು. ಅವರಲ್ಲಿ ಅನೇಕರು ಉತ್ತರದ ಗಡಿಯಾಚೆ, ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಇರುವವರು. ಹಳೆಯ ಸ್ಪ್ಯಾನಿಷ್ ದೊರೆಗಳ ವೈಭವದ ಒಂದು ತುಣುಕು ತಮ್ಮ ಮನೆಗೆ ಬಂದಿತೆಂದು ಅವರು ಭಾವಿಸುತ್ತಾರೆ. ಈ ಭಾವನೆಯಲ್ಲಿ ಅರ್ಧ ಸತ್ಯ ಮಾತ್ರ ಇದೆ ಎಂಬುದನ್ನು ತೋರಿಸುವುದು ಈ ಹೊತ್ತಿನ ನನ್ನ ಉದ್ದೇಶ. ಪೀಠದ ಮೇಲೆ ಕುಳಿತವರ ಇತಿಹಾಸವನ್ನು ನಾವು ಓದಿದ್ದೇವೆ. ಪೀಠವನ್ನು ಕಡೆದವರ ಇತಿಹಾಸ ಅದಕ್ಕಿಂತ ಹಿಂದಿನಿಂದ, ನಡುವೆ ಕಡಿಯದೆ, ಹರಿದು ಬಂದಿದೆ.

ಮೊದಲು ಆ ಕಲ್ಲಿನ ವಿಚಾರ ಹೇಳಬೇಕು. ಅದರ ಹೆಸರು ‘ಕಾಂತೆರಾ’. ಸ್ಪೇನಿನಲ್ಲಿ ಈ ಶಬ್ದಕ್ಕೆ ಕಲ್ಲುಗಣಿ ಎಂದಷ್ಟೇ ಅರ್ಥ. ಮೆಕ್ಸಿಕೋದಲ್ಲಿ ಗಣಿಯ ಹೆಸರು ಗಣಿಯಿಂದ ಬಂದ ಕಲ್ಲಿಗೇ ಅಂಟಿಕೊಂಡಿತು. ಜ್ವಾಲಾಮುಖಿಗಳು ಕಾರಿದ ಬೂದಿ ಪದರ ಪದರವಾಗಿ ಬಿದ್ದು, ಬೆಸೆದು, ಗಟ್ಟಿಯಾಗಿ ಆದ ಕಲ್ಲು ಇದು. ಗಣಿಯಿಂದ ತೆಗೆದ ಹೊಸತರಲ್ಲಿ ಮೆದುವಾಗಿದ್ದು ಉಳಿಗೆ ಒಲಿಯುತ್ತದೆ. ಗಾಳಿಗೆ ಒಡ್ಡಿಕೊಂಡ ಮೇಲೆ ಅದರ ಮೇಲ್ಮೈ ಗಡುಸಾಗುತ್ತದೆ. ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲಿಗೆ ಇದೇ ಗುಣವಿದ್ದುದನ್ನು ಬಲ್ಲ ನಮಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಂತೆರಾ ಒಂದೇ ಬಣ್ಣದ್ದಲ್ಲ. ಮೊರೇಲಿಯಾ ಮತ್ತು ಸಕಾತೆಕಾಸ್ ನಗರಗಳಲ್ಲಿ ಗುಲಾಬಿ ಛಾಯೆಯದು. ದಕ್ಷಿಣದ ವಾಹಾಕಾ ನಗರದಲ್ಲಿ ಹಸಿರು. ಈ ಮೂರು ನಗರಗಳ ಹಳೆಯ ಭಾಗಗಳನ್ನು ಯುನೆಸ್ಕೋ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ: ವಾಹಾಕಾ ೧೯೮೭ರಲ್ಲಿ, ಮೊರೇಲಿಯಾ ೧೯೯೧ರಲ್ಲಿ, ಸಕಾತೆಕಾಸ್ ೧೯೯೩ರಲ್ಲಿ. ಅಲ್ಲಿಯ ಬೀದಿಗಳಲ್ಲಿ ನಡೆಯುವವನಿಗೆ ಇಡೀ ಊರನ್ನೇ ಒಂದು ಬಂಡೆಯಿಂದ ಕಡೆದು ತೆಗೆದಂತೆ ತೋರುತ್ತದೆ.

ಆದರೆ ಮೆಕ್ಸಿಕೋದ ಮೊದಲ ಕಲ್ಲಿನ ಪೀಠೋಪಕರಣ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ನಗರಗಳತ್ತ ನೋಡುವುದಿಲ್ಲ, ಅಡಿಗೆಮನೆಯತ್ತ ಬೆರಳು ತೋರಿಸುತ್ತೇನೆ. ಅಲ್ಲಿರುವುದು ‘ಮೆತಾತೆ’. ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಕಡೆದ, ಮೂರು ಕಾಲುಗಳ ಮೇಲೆ ತುಸು ಇಳಿಜಾರಾಗಿ ನಿಂತ ಅರೆಯುವ ಕಲ್ಲು ಅದು. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ಹೆಂಗಸರು ಅದರ ಮುಂದೆ ಮಂಡಿಯೂರಿ ಅರೆಯುತ್ತಿದ್ದರು. ಕೆಲವೆಡೆ ಇಂದಿಗೂ ಅರೆಯುತ್ತಾರೆ. ನಾಹ್ವಾತ್ಲ್ ಭಾಷೆಯಲ್ಲಿ ಆ ಕಲ್ಲಿಗೆ ಮೆತ್ಲಾತ್ಲ್ ಎಂದೂ, ಮೇಲೆ ಆಡಿಸುವ ಗುಂಡಿಗೆ ‘ಮೆತ್ಲಪಿಲ್ಲಿ’ ಎಂದೂ ಹೆಸರು. ‘ಪಿಲ್ಲಿ’ ಎಂದರೆ ಮಗು. ನಮ್ಮ ನೆರೆಯ ತಮಿಳರು ಅಮ್ಮಿಕಲ್ಲಿನ ಗುಂಡನ್ನು ‘ಕುಳವಿ’, ಅಂದರೆ ಕೂಸು, ಎಂದು ಕರೆಯುವುದನ್ನು ಇಲ್ಲಿ ನೆನೆಯಬಹುದು. ಎರಡು ನಾಡುಗಳ ನಡುವೆ ಯಾವ ಸಂಪರ್ಕವೂ ಇರಲಿಲ್ಲ. ಕಲ್ಲಿನ ಮುಂದೆ ಕುಳಿತ ತಾಯಂದಿರಿಗೆ ಒಂದೇ ಹೋಲಿಕೆ ಹೊಳೆಯಿತು, ಅಷ್ಟೆ.

ಅಡಿಗೆಮನೆಯಿಂದ ಅರಮನೆಗೆ ಬರೋಣ. ಕ್ರಿಸ್ತಪೂರ್ವ ಸಾವಿರ ವರ್ಷಗಳ ಆಚೀಚೆ, ಮೆಕ್ಸಿಕೋ ಕೊಲ್ಲಿಯ ತೀರದಲ್ಲಿ ಓಲ್ಮೆಕ್ ಜನರ ನಾಗರಿಕತೆ ಬೆಳೆದಿತ್ತು. ಲಾ ವೆಂತಾ ಎಂಬ ಅವರ ನೆಲೆಯಲ್ಲಿ ಬಸಾಲ್ಟ್ ಕಲ್ಲಿನ ಭಾರಿ ಚೌಕಪೀಠಗಳು ದೊರೆತವು. ಅವುಗಳ ಮುಂಭಾಗದಲ್ಲಿ ಒಂದು ಗೂಡು; ಗೂಡಿನೊಳಗಿಂದ ಹೊರಬರುತ್ತಿರುವ ಒಬ್ಬ ಮನುಷ್ಯ. ಉತ್ಖನನ ಮಾಡಿದವರು ಇವನ್ನು ಬಲಿಪೀಠಗಳೆಂದು ಭಾವಿಸಿ ಆ ಹೆಸರನ್ನೇ ಕೊಟ್ಟರು. ಆಮೇಲೆ ೧೯೭೦ರ ಆಸುಪಾಸಿನಲ್ಲಿ ಡೇವಿಡ್ ಗ್ರೋವ್ ಎಂಬ ಅಮೆರಿಕದ ಪುರಾತತ್ತ್ವಜ್ಞರು ಗೆರೆರೊ ಪ್ರಾಂತದ ಒಶ್ತೊತಿತ್ಲಾನ್ ಗುಹೆಯ ಒಂದು ವರ್ಣಚಿತ್ರವನ್ನು ವಿದ್ವಾಂಸರ ಗಮನಕ್ಕೆ ತಂದರು. ಅದರಲ್ಲಿ ದೊರೆಯೊಬ್ಬ ಇಂಥದೇ ಆಕಾರದ ಆಸನದ ಮೇಲೆ ಕುಳಿತಿದ್ದಾನೆ. ಬಲಿಪೀಠವೆಂದುಕೊಂಡದ್ದು ವಾಸ್ತವವಾಗಿ ಸಿಂಹಾಸನವಾಗಿತ್ತು! ಈ ಕಲ್ಲುಗಳು ಬಂದದ್ದು ದೂರದ ತುಶ್ತ್ಲಾ ಬೆಟ್ಟಗಳಿಂದ. ಆ ಜನರಲ್ಲಿ ಗಾಡಿಯೂ ಇರಲಿಲ್ಲ, ಹೇರು ಎಳೆಯುವ ಎತ್ತು ಕುದುರೆಗಳೂ ಇರಲಿಲ್ಲ. ಮನುಷ್ಯರ ಹೆಗಲೇ ಬಂಡಿ. ದೊರೆ ಗತಿಸಿದ ಮೇಲೆ ಅವನ ಕಲ್ಲಿನ ಆಸನವನ್ನೇ ಕಡೆದು ಅವನ ಮಹಾಶಿರವನ್ನು ಮಾಡಿರಬೇಕೆಂದು ಕೆಲವು ಶಿಲ್ಪಗಳ ವಿಷಯದಲ್ಲಿ ವಿದ್ವಾಂಸರು ವಾದಿಸಿದ್ದಾರೆ. ಆಸನವೇ ಆಸೀನನ ಮುಖವಾಯಿತೆಂದಾಯಿತು.

ಮಾಯಾ ಜನರ ಚಿಚೆನ್ ಇಟ್ಜಾದಲ್ಲಿ ದೊಡ್ಡ ಪಿರಮಿಡ್ಡಿನ ಒಡಲಲ್ಲಿ ಇನ್ನೊಂದು ಹಳೆಯ ಪಿರಮಿಡ್ಡು ಅಡಗಿದೆ. ೧೯೩೦ರ ದಶಕದಲ್ಲಿ ಅದರೊಳಗೆ ಹೊಕ್ಕವರಿಗೆ ಕೆಂಪು ಬಣ್ಣ ಬಳಿದ, ಜಾಗ್ವಾರ್ ಚಿರತೆಯ ಆಕಾರದ ಒಂದು ಪೀಠ ಕಾಣಿಸಿತು. ಚಿರತೆಯ ಮೈಮೇಲಿನ ಚುಕ್ಕೆಗಳ ಜಾಗದಲ್ಲಿ ಹಸಿರು ಜೇಡ್ ಮಣಿಯ ಬಿಲ್ಲೆಗಳನ್ನು ಕೂರಿಸಿದ್ದರು.

ಇನ್ನು ಆಜ್ಟೆಕ್ಕರು. ಅವರ ದೈನಂದಿನ ಪೀಠೋಪಕರಣಗಳು ಜೊಂಡಿನವು. ಮಲಗಲು ಚಾಪೆ, ಕೂರಲು ‘ಇಕ್ಪಲ್ಲಿ’ ಎಂಬ, ಬೆನ್ನೊರಗುಳ್ಳ ಜೊಂಡಿನ ಆಸನ, ಬಟ್ಟೆಬರೆ ಇಡಲು ಜೊಂಡು ಹೆಣೆದ ಪೆಟ್ಟಿಗೆ. ‘ಚಾಪೆ ಮತ್ತು ಆಸನ’ ಎಂಬ ಜೋಡಿಮಾತಿಗೆ ಅವರ ಭಾಷೆಯಲ್ಲಿ ರಾಜ್ಯಾಧಿಕಾರವೆಂದೇ ಅರ್ಥವಿತ್ತು. ನಾಶವಾಗುವ ಜೊಂಡನ್ನು ನಾಶವಾಗದ ಕಲ್ಲಿಗೆ ತರುವುದು ಅವರ ಶಿಲ್ಪಿಗಳ ಹವ್ಯಾಸವಾಗಿತ್ತೆಂದು ಕಾಣುತ್ತದೆ. ಅವರು ಕಡೆದ ಕಲ್ಲಿನ ಪೆಟ್ಟಿಗೆಗಳು ಹಲವು ಸಂಗ್ರಹಾಲಯಗಳಲ್ಲಿವೆ. ಅವುಗಳ ಹೆಸರು ‘ತೆಪೆತ್ಲಕಲ್ಲಿ’. ಬಿಡಿಸಿ ಹೇಳಿದರೆ, ಜೊಂಡಿನ ಪೆಟ್ಟಿಗೆಯ ಕಲ್ಲಿನ ರೂಪ. ಅವರ ಕೆಲವು ಶಿಲ್ಪಗಳ ತಳಭಾಗವನ್ನು ಮಗುಚಿ ನೋಡಿದರೆ ಅಲ್ಲಿಯೂ ಕೆತ್ತನೆ ಇರುತ್ತದೆ: ಭೂದೇವತೆಯಾದ ತ್ಲಾಲ್ತೆಕುತ್ಲಿಯ ಬಿಂಬ. ನೆಲಕ್ಕೆ ಒತ್ತಿಕೊಂಡಿರುವ ಆ ಕೆತ್ತನೆಯನ್ನು ಯಾವ ಮನುಷ್ಯನೂ ನೋಡುವಂತಿಲ್ಲ. ನೋಡಬೇಕಾದದ್ದು ನೆಲ, ಅದು ನೋಡಿದರೆ ಸಾಕು ಎಂದು ಶಿಲ್ಪಿ ಭಾವಿಸಿದ್ದ.

ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ಸಂಗ್ರಹಾಲಯದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಇನ್ನೊಂದು ಕಲ್ಲು. ಅದರ ಎತ್ತರ ಸುಮಾರು ೧೨೩ ಸೆಂಟಿಮೀಟರ್, ಅಂದರೆ ನಾಲ್ಕು ಅಡಿಯಷ್ಟು. ಅದು ಒಂದು ಪುಟ್ಟ ದೇವಾಲಯ. ಮುಂದೆ ೧೩ ಮೆಟ್ಟಿಲುಗಳಿವೆ. ಮೇಲೆ ಗರ್ಭಗುಡಿಯಂಥ ಚೌಕವಿದೆ. ವಿದ್ವಾಂಸ ಅಲ್ಫೊನ್ಸೊ ಕಾಸೊ ಅವರು ೧೯೨೭ರಲ್ಲಿ ಇದರ ಅಧ್ಯಯನವನ್ನು ಪ್ರಕಟಿಸಿ, ‘ಪವಿತ್ರ ಯುದ್ಧದ ದೇವಾಲಯ’ ಎಂದು ಇದಕ್ಕೆ ಹೆಸರಿಟ್ಟರು. ಇದು ದೊರೆ ಮೊಕ್ತೆಸುಮನ ಸಿಂಹಾಸನವೆಂಬುದು ಹಲವು ತಜ್ಞರ ಅಭಿಪ್ರಾಯ. ಕುಳಿತುಕೊಳ್ಳುವ ಭಾಗದಲ್ಲಿ ಭೂದೇವತೆ. ಬೆನ್ನ ಹಿಂದೆ ಸೂರ್ಯಬಿಂಬ. ಭೂಮಿಯ ಮೇಲೆ ಕುಳಿತು ಸೂರ್ಯನನ್ನು ಬೆನ್ನಿಗೆ ಹೊತ್ತವನು ದೊರೆ! ಮೆಕ್ಸಿಕೋದ ವಾಸ್ತುಶಿಲ್ಪದಿಂದ ಸ್ಫೂರ್ತಿಗೊಂಡ ಕಲ್ಲಿನ ಪೀಠೋಪಕರಣ ಎಂದು ಇಂದಿನ ವ್ಯಾಪಾರಿಗಳು ಜಾಹೀರು ಮಾಡುತ್ತಾರಲ್ಲವೆ? ಅದಕ್ಕೆ ಇದಕ್ಕಿಂತ ಮಿಗಿಲಾದ ಪೂರ್ವಜ ಸಿಕ್ಕಲಾರದು. ಇಲ್ಲಿ ಕಟ್ಟಡವೇ ಕುಗ್ಗಿ ಆಸನವಾಗಿದೆ.

ಈ ಕಲ್ಲು ಸಿಕ್ಕಿದ್ದೆಲ್ಲಿ ಎಂಬುದು ಅದರ ಕೆತ್ತನೆಯಷ್ಟೇ ಅರ್ಥಪೂರ್ಣ. ೧೫೨೧ರಲ್ಲಿ ಸ್ಪೇನಿನ ದಂಡಾಳುಗಳು ಆಜ್ಟೆಕ್ ರಾಜಧಾನಿಯನ್ನು ಗೆದ್ದು ನೆಲಸಮ ಮಾಡಿದರು. ಮೊಕ್ತೆಸುಮನ ಅರಮನೆ ಇದ್ದ ಜಾಗದಲ್ಲಿ ತಮ್ಮ ಅರಮನೆಯನ್ನು ಎಬ್ಬಿಸಿದರು. ಮುರಿದ ಗುಡಿಗಳ ಕಲ್ಲುಗಳೇ ಹೊಸ ಕಟ್ಟಡಗಳ ಅಡಿಪಾಯಕ್ಕೆ ಹೋದವು. ಆ ಸಿಂಹಾಸನವೂ ಹಾಗೆಯೇ ಅಡಿಪಾಯದ ಕಲ್ಲಾಗಿ ಮೂರು ಶತಮಾನ ಮಣ್ಣಿನಲ್ಲಿತ್ತು. ೧೮೩೧ರಲ್ಲಿ ಅದು ಕಣ್ಣಿಗೆ ಬಿದ್ದಿತು. ಅದನ್ನು ಹೊರತೆಗೆದದ್ದು ೧೯೨೬ರಲ್ಲಿ. ಆಗ ಅದರ ಹಿಂಬದಿಯಲ್ಲಿ ಕಂಡದ್ದೇನು? ಪಾಪಾಸುಕಳ್ಳಿಯ ಮೇಲೆ ಕುಳಿತ ಹದ್ದು. ಸ್ವತಂತ್ರ ಮೆಕ್ಸಿಕೋ ತನ್ನ ಧ್ವಜದ ಮೇಲೆ ಹಾಕಿಕೊಂಡ ಲಾಂಛನವೂ ಅದೇ.

ನಗರದ ಇನ್ನೊಂದು ಮೂಲೆಯಲ್ಲಿ ಕಾಲಿಮಾಯಾ ಕೌಂಟರ ಅರಮನೆಯಿದೆ; ಇಂದು ಅದು ನಗರದ ವಸ್ತುಸಂಗ್ರಹಾಲಯ. ಅದರ ಮೂಲೆಗಲ್ಲಾಗಿ ಬೀದಿಯ ಮಟ್ಟದಲ್ಲಿ ಆಜ್ಟೆಕ್ಕರ ಒಂದು ಸರ್ಪಶಿರ ಕುಳಿತಿದೆ. ಚರ್ಚುಗಳ ಕೆಲವು ಕಂಬಗಳ ಕೆಳಪೀಠಗಳನ್ನು ಮಗುಚಿದಾಗ ಭೂದೇವತೆಯ ಬಿಂಬ ಹಾಗೆಯೇ ಉಳಿದಿರುವುದು ಕಂಡುಬಂದಿದೆ. ಹಳೆಯ ಶಿಲ್ಪವನ್ನು ಕಂಬದ ಪೀಠವಾಗಿ ಕಡೆದ ಆ ಅಜ್ಞಾತ ಕಲ್ಲುಕುಟಿಗ ನೆಲದತ್ತ ಮುಖಮಾಡಿದ ಭಾಗಕ್ಕೆ ಉಳಿ ತಾಗಿಸಲಿಲ್ಲ. ಭಕ್ತಿಯಿಂದಲೋ, ಅಗತ್ಯವಿಲ್ಲವೆಂದೋ? ಅವನ ಮನಸ್ಸನ್ನು ಹೊಕ್ಕು ಹೇಳುವ ಅಧಿಕಾರ ನನಗಿಲ್ಲ. ಬಿಂಬ ಮಾತ್ರ ಉಳಿಯಿತು.

ಗೆದ್ದವರಿಗೆ ಚರ್ಚುಗಳು ಬೇಕಾಗಿದ್ದವು. ಕಟ್ಟಲು ಸ್ಪೇನಿನಿಂದ ಬಂದ ಕುಶಲರು ಸಾಲದಾಗಿದ್ದರು. ೧೫೨೪ರಲ್ಲಿ ಬಂದ ಫ್ರಾನ್ಸಿಸ್ಕನ್ ಸಂನ್ಯಾಸಿಗಳೂ ಅವರ ಹಿಂದೆ ಬಂದವರೂ ನೆಲದ ಮಕ್ಕಳನ್ನೇ ಕೆಲಸಕ್ಕೆ ಹಚ್ಚಿದರು. ಕಲ್ಲು ತಾಮ್ರಗಳ ಉಪಕರಣಗಳಿಂದ ಕಲ್ಲು ಕಡೆಯಬಲ್ಲವರ ಕೈಗೆ ಕಬ್ಬಿಣದ ಉಳಿ ಬಂದಿತು. ಸಿನಾಕಾಂತೆಪೆಕ್ ಮಠದಲ್ಲಿ ೧೫೮೧ರಲ್ಲಿ ಕಡೆದ, ಒಂದೇ ಕಲ್ಲಿನ ದೀಕ್ಷಾಸ್ನಾನದ ತೊಟ್ಟಿಯೊಂದಿದೆ. ತೊಟ್ಟಿಯ ಧರ್ಮ ಕ್ರೈಸ್ತರದು. ಅದರ ಮೇಲಿನ ಬರಹ ನಾಹ್ವಾತ್ಲ್ ಭಾಷೆಯದು. ಬಳ್ಳಿ ಎಲೆಗಳನ್ನು ಚಪ್ಪಟೆಯಾಗಿ, ಅಂಚು ಹರಿತವಾಗಿ ಕಡೆದ ರೀತಿ ಹಳೆಯ ಗುಡಿಗಳದು. ಅಕೋಲ್ಮಾನ್ ಮಠದ ಮುಂದಣ ಕಲ್ಲಿನ ಶಿಲುಬೆಯಲ್ಲಿ ಯೇಸುವಿನ ಮುಖ ಮಾತ್ರ ಇದೆ. ದೇಹದ ಜಾಗದಲ್ಲಿ ಶಿಲುಬೆಯೇ ಹೂಬಳ್ಳಿಗಳಿಂದ ತುಂಬಿದೆ.

ಈ ಶೈಲಿಗೆ ಬಹುಕಾಲ ಹೆಸರೇ ಇರಲಿಲ್ಲ. ಸ್ಪೇನಿನ ಅಂತರ್ಯುದ್ಧದಿಂದ ನೆಲೆ ತಪ್ಪಿ ಮೆಕ್ಸಿಕೋಗೆ ಬಂದ ಕವಿ, ವಿಮರ್ಶಕ ಹೊಸೆ ಮೊರೆನೊ ವಿಯ್ಯಾ ಅವರು ೧೯೪೨ರಲ್ಲಿ ಇದಕ್ಕೆ ‘ತೆಕಿತ್ಕಿ’ ಎಂದು ಹೆಸರಿಟ್ಟರು. ನಾಹ್ವಾತ್ಲ್ ಭಾಷೆಯಲ್ಲಿ ತೆಕಿತ್ಕಿ ಎಂದರೆ ಕಪ್ಪ ಕೊಡುವವನು. ಕಲಾಶೈಲಿಗಳಿಗೆ ದೊರೆಗಳ, ವಂಶಗಳ, ನಗರಗಳ ಹೆಸರು ಬರುವುದನ್ನು ನಾವು ಬಲ್ಲೆವು. ಕಪ್ಪ ಕೊಟ್ಟವನ ಹೆಸರಿನಿಂದ ಒಂದು ಶೈಲಿ ಗುರುತಾಗುವುದು ಅಪರೂಪ. ಇಡೀ ಮೆಕ್ಸಿಕೋದ ಕಲ್ಲುಕೆಲಸದ ಇತಿಹಾಸಕ್ಕೆ ಇದಕ್ಕಿಂತ ತಕ್ಕ ಶಬ್ದ ಸಿಕ್ಕಲಾರದೆಂದು ನನಗೆ ತೋರುತ್ತದೆ. ಕಪ್ಪವನ್ನು ಚಿನ್ನದಲ್ಲಿ ಕೊಡಬಹುದು, ಧಾನ್ಯದಲ್ಲಿ ಕೊಡಬಹುದು. ಈ ಜನ ಅದನ್ನು ಕೈಕೆಲಸದಲ್ಲಿಯೂ ಕೊಟ್ಟರು.

ಹದಿನೆಂಟನೆಯ ಶತಮಾನದಲ್ಲಿ ಬೆಳ್ಳಿಯ ಗಣಿಗಳು ಮೆಕ್ಸಿಕೋವನ್ನು ಶ್ರೀಮಂತಗೊಳಿಸಿದವು. ಸಕಾತೆಕಾಸ್ ಕೆಥೆಡ್ರಲ್ಲಿನ ಮುಖಭಿತ್ತಿಯಲ್ಲಿ ಬೆರಳಿಡಲು ತೆರಪಿಲ್ಲದಂತೆ ದ್ರಾಕ್ಷಿಬಳ್ಳಿ, ಸಂತರು, ಕಂಬಗಳು ತುಂಬಿಕೊಂಡದ್ದು ಆ ಶತಮಾನದ ನಡುವಿನಲ್ಲಿ. ಆಗಿನ ದೊಡ್ಡ ಜಮೀನುದಾರರ ಮನೆಗಳಿಗೆ ‘ಆಸಿಯೆಂದಾ’ ಎಂದು ಹೆಸರು. ಅವುಗಳ ಅಂಗಳಗಳಲ್ಲಿ ಕಾಂತೆರಾ ಕಲ್ಲಿನ ಕಾರಂಜಿ, ಕಮಾನುಗಳ ನೆರಳಿನಲ್ಲಿ ಕಲ್ಲಿನ ಜಗಲಿಪೀಠ, ಬಾಗಿಲುಗಳಿಗೆ ಕೆತ್ತಿದ ಚೌಕಟ್ಟು. ಇಂದಿನ ಪೀಠೋಪಕರಣಗಳು ನೇರವಾಗಿ ಅನುಕರಿಸುವುದು ಈ ಮನೆಗಳನ್ನು. ಅದೇ ಕಾಲದ ಇನ್ನೊಂದು ಚಿತ್ರವೂ ನಮಗೆ ಬೇಕು. ೧೭೮೫ರಲ್ಲಿ ಹಿಮ ಬಿದ್ದು ಬೆಳೆ ಹಾಳಾಯಿತು. ಮರುವರ್ಷವನ್ನು ಜನ ‘ಹಸಿವಿನ ವರ್ಷ’ವೆಂದು ಕರೆದರು. ಇಂದು ಮೊರೇಲಿಯಾ ಎನಿಸಿಕೊಂಡ ನಗರದ ಬಿಷಪ್ ಅಂತೋನಿಯೊ ದೆ ಸಾನ್ ಮಿಗೆಲ್ ಅವರು ಹಸಿದವರಿಗೆ ಕೆಲಸ ಕೊಡಲೆಂದು ನೀರಿನ ಕಾಲುವೆಯೊಂದನ್ನು ಕಲ್ಲಿನ ಕಮಾನುಗಳ ಮೇಲೆ ಕಟ್ಟಿಸಿದರು. ಆ ೨೫೩ ಕಮಾನುಗಳು ಇಂದು ಪ್ರವಾಸಿಗಳ ಕಣ್ಣಿಗೆ ಹಬ್ಬ. ಕಟ್ಟಿದವರಿಗೆ ಅವು ಅಂದಂದಿನ ರೊಟ್ಟಿಯಾಗಿದ್ದವು.

ಹೆಸರು ಉಳಿದವರು ಇಲ್ಲವೇ ಇಲ್ಲವೆಂದಲ್ಲ. ಸೆಲಾಯಾ ಊರಿನ ಫ್ರಾನ್ಸಿಸ್ಕೊ ಎದ್ವಾರ್ದೊ ತ್ರೆಸ್‌ಗೆರಾಸ್ (೧೭೫೯-೧೮೩೩) ವಾಸ್ತುಶಿಲ್ಪಿಯೂ ಚಿತ್ರಕಾರನೂ ಶಿಲ್ಪಿಯೂ ಆಗಿದ್ದ. ತನ್ನ ಊರಿನಲ್ಲಿ ೧೮೦೨ರಿಂದ ೧೮೦೭ರವರೆಗೆ ಅವನು ಕಟ್ಟಿದ ಕಾರ್ಮೆನ್ ಚರ್ಚು ಪ್ರಸಿದ್ಧ. ಆದರೆ ಅವನು ಕಾಗದದ ಮೇಲೆ ಬರೆದುದನ್ನು ಕಲ್ಲಿಗಿಳಿಸಿದ ಕೈಗಳ ಹೆಸರು ನಮ್ಮವರೆಗೆ ಬಂದಿಲ್ಲ.

ಕಟ್ಟಡದ ಭಾಷೆ ಮನೆಯೊಳಗಣ ಮೇಜಿಗೆ ಇಳಿದದ್ದು ಹೇಗೆ? ಇದಕ್ಕೆ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬರಬೇಕು. ೧೯೦೧ರಲ್ಲಿ ಅಮೆರಿಕದ ಸಿಲ್ವೆಸ್ಟರ್ ಬ್ಯಾಕ್ಸ್‌ಟರ್ ಅವರು ಮೆಕ್ಸಿಕೋದ ಸ್ಪ್ಯಾನಿಷ್ ಕಾಲದ ವಾಸ್ತುಶಿಲ್ಪವನ್ನು ಕುರಿತು ಹಲವು ಸಂಪುಟಗಳ ಗ್ರಂಥವೊಂದನ್ನು ಪ್ರಕಟಿಸಿದರು. ಅದಕ್ಕೆ ನಕ್ಷೆಗಳನ್ನು ಬರೆದುಕೊಟ್ಟ ಬರ್ಟ್ರಮ್ ಗುಡ್‌ಹ್ಯೂ ೧೯೧೫ರಲ್ಲಿ ಸಾನ್ ಡಿಯೇಗೋ ನಗರದ ಮಹಾಪ್ರದರ್ಶನಕ್ಕೆ ಮೆಕ್ಸಿಕೋದ ಚರ್ಚುಗಳನ್ನು ನೆನಪಿಸುವ ಕಟ್ಟಡಗಳನ್ನು ರಚಿಸಿದರು. ಕ್ಯಾಲಿಫೋರ್ನಿಯಾದ ಸಿರಿವಂತರು ಈ ಶೈಲಿಗೆ ಮರುಳಾದರು. ಮೆಕ್ಸಿಕೋದಲ್ಲಿಯೂ ಅದೇ ವರ್ಷಗಳಲ್ಲಿ ಕ್ರಾಂತಿಯ ನಡುವೆ ವಾಸ್ತುಶಿಲ್ಪಿ ಫೆದೆರಿಕೊ ಮಾರಿಸ್ಕಾಲ್ ಅವರು ರಾಷ್ಟ್ರೀಯ ವಾಸ್ತುಶಿಲ್ಪವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು. ಫ್ರಾನ್ಸಿನ ಅನುಕರಣೆ ಸಾಕು, ನಮ್ಮ ಹಳೆಯ ಮನೆಗಳನ್ನು ನೋಡಿ ಎಂಬುದು ಅವರ ವಾದದ ಸಾರ. ೧೯೧೭ರ ಸಂವಿಧಾನದ ಬಳಿಕ ದೊಡ್ಡ ಜಮೀನುಗಳು ಹಂಚಿಹೋದವು. ಅನೇಕ ಆಸಿಯೆಂದಾಗಳು ಪಾಳುಬಿದ್ದವು. ಒಡೆಯರು ಹೋದರು, ಅವರ ಮನೆಗಳ ಆಕಾರ ಮಾತ್ರ ಜನರ ಬಯಕೆಯಲ್ಲಿ ನಿಂತಿತು. ಅರಮನೆಯನ್ನು ಕಟ್ಟಿಸಲಾರದವನು ಅದರ ಒಂದು ಕಂಬವನ್ನು ತರಿಸಿದ. ಕಂಬ ಕುಗ್ಗಿ ಮೇಜಿನ ಕಾಲಾಯಿತು. ಬಾಗಿಲುವಾಡ ಬೆಂಕಿಗೂಡಿನ ಚೌಕಟ್ಟಾಯಿತು. ದೇವಾಲಯ ಕುಗ್ಗಿ ಆಸನವಾದ ಹಳೆಯ ಕಥೆ ಹೊಸ ರೂಪದಲ್ಲಿ ಮರುಕಳಿಸಿತು.

ಈ ಕೆಲಸ ಇಂದಿಗೂ ನಡೆಯುವ ಊರುಗಳಲ್ಲಿ ಕೆರೆತಾರೊ ಪ್ರಾಂತದ ಎಸ್ಕೊಲಾಸ್ತಿಕಾಸ್ ಹೆಸರಾದುದು. ಅಲ್ಲಿ ಕಲ್ಲುಕೆಲಸ ತಂದೆಯಿಂದ ಮಗನಿಗೆ ಬರುತ್ತದೆ. ಕಲ್ಲಿನ ದಿಮ್ಮಿಯನ್ನು ಅಳೆದು, ಅಚ್ಚುಹಲಗೆಯಿಟ್ಟು ಗೆರೆ ಹಾಕಿ, ಮೊದಲು ದಪ್ಪ ಉಳಿಯಿಂದ ಬೇಡದ್ದನ್ನು ಹಾರಿಸುತ್ತಾರೆ. ಆಮೇಲೆ ಸಣ್ಣ ಉಳಿಯಿಂದ ಎಲೆಯ ನರ, ಹೂವಿನ ಎಸಳು. ಕೊನೆಗೆ ಹಲ್ಲುಮುಖದ ಸುತ್ತಿಗೆಯಿಂದ ಮೈಗೆ ಒರಟು ಕೊಡುವುದು ಅಥವಾ ಉಜ್ಜಿ ನುಣುಪು ಮಾಡುವುದು. ಮೇಜಿನ ಕಾಲುಪೀಠ ಒಂದು ಕಲ್ಲು, ಹಲಗೆ ಇನ್ನೊಂದು. ಕಾಂತೆರಾ ನೀರು ಹೀರುವ ಕಲ್ಲಾದುದರಿಂದ ಊಟದ ಮೇಜಾದರೆ ಎಣ್ಣೆ, ದ್ರಾಕ್ಷಾರಸಗಳ ಕಲೆ ಹತ್ತದಂತೆ ಮೇಲೆ ಲೇಪ ಕೊಡಬೇಕು. ದಿಮ್ಮಿಯನ್ನು ಸೀಳಲು ಇಂದು ವಿದ್ಯುತ್ತಿನ ಗರಗಸ ಬಂದಿದೆ. ಅದರೊಡನೆ ಧೂಳೂ ಹೆಚ್ಚಿದೆ. ಸಿಲಿಕಾ ತುಂಬಿದ ಆ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ನೆಲೆನಿಂತರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಗಾಯಗೊಂಡ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದು ವೈದ್ಯರಲ್ಲಿಲ್ಲ. ಕಪ್ಪ ಕೊಡುವುದು ಇನ್ನೂ ಮುಗಿದಿಲ್ಲವೆನ್ನಬೇಕು. ಇನ್ನೊಂದು ಕಡೆಯಿಂದ, ಕಲ್ಲಿನ ಪುಡಿಯನ್ನು ಸಿಮೆಂಟಿನಲ್ಲಿ ಕಲಸಿ ಅಚ್ಚಿಗೆ ಸುರಿದು ಮಾಡಿದ ಅಗ್ಗದ ಅನುಕರಣೆಗಳು ಕೈಕೆಲಸದ ಬೆಲೆಯನ್ನು ತಗ್ಗಿಸುತ್ತಿವೆ.

ಹಾಗಾದರೆ ಸಿರಿವಂತರ ಈ ಆಡಂಬರದ ಮೇಜುಗಳಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ೨೦೧೭ರ ಸೆಪ್ಟೆಂಬರ್ ತಿಂಗಳು ಉತ್ತರ ಕೊಟ್ಟಿತು. ಆ ತಿಂಗಳ ಎರಡು ಭಾರಿ ಭೂಕಂಪಗಳಲ್ಲಿ ಮಧ್ಯ ಮತ್ತು ದಕ್ಷಿಣ ಮೆಕ್ಸಿಕೋದ ಸಾವಿರಕ್ಕೂ ಹೆಚ್ಚು ಚಾರಿತ್ರಿಕ ಕಟ್ಟಡಗಳು ಘಾಸಿಗೊಂಡವು. ಗೋಪುರಗಳು ಕಳಚಿದವು, ಕಮಾನುಗಳು ಬಿರಿದವು. ಬಿದ್ದ ಬೋದಿಗೆಯ ಜಾಗಕ್ಕೆ ಅಂಥದೇ ಬೋದಿಗೆಯನ್ನು ಕಡೆದು ಕೂರಿಸಬೇಕಾದರೆ ಪುಸ್ತಕದ ವಿದ್ಯೆ ಸಾಲದು. ಆ ಕಲ್ಲಿನ ಎಳೆಯನ್ನು ಬಲ್ಲ ಕೈ ಬೇಕು. ಕೆಥೆಡ್ರಲ್ಲುಗಳು ದಿನವೂ ಬೀಳುವುದಿಲ್ಲ, ಕಲ್ಲುಕುಟಿಗನ ಮಕ್ಕಳಿಗೆ ದಿನವೂ ಹಸಿವಾಗುತ್ತದೆ. ನಡುವಣ ವರ್ಷಗಳಲ್ಲಿ ಆ ಕೈಯನ್ನು ಬದುಕಿಸಿಡುವುದು ಮೇಜು, ಪೀಠ, ಕಾರಂಜಿಗಳ ಬೇಡಿಕೆಯೇ. ಆದುದರಿಂದ ಈ ಪೀಠೋಪಕರಣಗಳನ್ನು ಬರಿಯ ವಿಲಾಸವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಕೊಂಡವರು ಬಲ್ಲರೋ ಇಲ್ಲವೋ, ಅವರು ಕೊಟ್ಟ ಹಣ ಒಂದು ದೇಶದ ಕಟ್ಟಡಗಳನ್ನು ಮುಂದೆ ಎತ್ತಿ ನಿಲ್ಲಿಸಬಲ್ಲ ವಿದ್ಯೆಯನ್ನು ಸಾಕುತ್ತಿದೆ.

ಒಂದು ಮಾತನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಹೊಯ್ಸಳರ ಕಾಲದ ಮಲ್ಲಿತಮ್ಮ ತಾನು ಕಡೆದ ಮೂರ್ತಿಗಳ ಕೆಳಗೆ ತನ್ನ ಹೆಸರನ್ನು ಕೆತ್ತಿದ್ದರಿಂದ ಎಂಟು ಶತಮಾನಗಳ ಮೇಲೆ ನಾವು ಅವನನ್ನು ಹೆಸರು ಹಿಡಿದು ಕರೆಯಬಲ್ಲವರಾಗಿದ್ದೇವೆ. ಮೆಕ್ಸಿಕೋದ ಕಲ್ಲಿನ ಪೀಠಗಳಲ್ಲಿ ಮಾರಿದವನ ಗುರುತಿನ ಚೀಟಿ ಇರುತ್ತದೆ, ಕಡೆದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಭೂಮಿಗೆ ಮಾತ್ರ ಕಾಣುವಂತೆ ತಳದಲ್ಲಿ ದೇವತೆಯನ್ನು ಕೆತ್ತಿದವರ ವಂಶಸ್ಥರು ಅವರು. ಮೇಜಿನ ತಳಭಾಗದಲ್ಲಿ, ಯಾರ ಅಲಂಕಾರಕ್ಕೂ ಅಡ್ಡಿಯಾಗದಂತೆ, ಒಂದು ಹೆಸರಿಗೂ ಒಂದು ವರ್ಷಕ್ಕೂ ಸಾಕಷ್ಟು ಜಾಗವಿದೆ. ಅಷ್ಟನ್ನು ಕೆತ್ತಿಸಿಕೊಂಡು ಕೊಳ್ಳುವ ಪದ್ಧತಿ ಬಂದರೆ, ಕಪ್ಪ ಕೊಡುವವನೆಂಬ ಹಳೆಯ ಹೆಸರು ಕಳೆದು ಅವನಿಗೆ ಅವನದೇ ಹೆಸರು ಸಿಕ್ಕೀತು.